ಕಡೂರಿಗೆ ಬಂದ ಕಡಲಿನ ತಂತಿ

ಮೊನ್ನೆ ಮೊಮ್ಮಗಳ ಗಂಡ ಹಟ ಹಿಡಿದು ನನ್ನನ್ನು ಹೊನ್ನಾವರದ ಕಡೆಗೆ ಕರೆದುಕೊಂಡು ಹೋದ. ಇಷ್ಟು ವಯಸ್ಸಾದರೂ ಈ ಮುದುಕ ಸಮುದ್ರ ನೋಡಿಲ್ಲವೆಂಬುದು ಅವನಿಗೆ ದೊಡ್ಡ ಕೊರತೆಯಾಗಿ ಕಂಡಿತ್ತು. ಬಸ್ಸಿಳಿದು, ಮರಳಿನಲ್ಲಿ ಕಾಲೆಳೆಯುತ್ತ ಹೋಗಿ ನಿಂತೆವು. ಜೊತೆಗಿದ್ದವರೆಲ್ಲ ಆಹಾ ಓಹೋ ಅಂದರು. ಮೊಮ್ಮಗಳು ಕೈಮುಗಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ತೆರೆ ಎದ್ದು ಬಾಗಿ ದಡಕ್ಕೆ ಬಡಿದು, ಬೆಳ್ಳಗೆ ನೊರೆಯಾಗಿ ನನ್ನ ಪಾದದವರೆಗೂ ಬಂದು, ಏನೂ ಆಗಿಲ್ಲವೆನ್ನುವ ಹಾಗೆ ಹಿಂದಕ್ಕೆ ಹೋಯಿತು. "ಇದೇನಾ ನೀನು? ಇಷ್ಟೇನಾ?" ಅಂತ ಗಟ್ಟಿಯಾಗಿಯೇ ಕೇಳಿಬಿಟ್ಟೆ. ಮೊಮ್ಮಗಳ ಗಂಡ ಪಾಪ, ಬಿಸಿಲು ನೆತ್ತಿಗೇರಿತು ಅಂದುಕೊಂಡು ಎಳನೀರು ಕುಡಿಸಿದ.

ಅವನಿಗೆ ಹೇಳುವುದಾದರೂ ಏನನ್ನು? ಆ ನೊರೆಗೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ಆ ಹೆಸರಿನ ದೆಸೆಯಿಂದ ನಾನು ಒಂದು ಮಳೆಗಾಲ ಪೂರ್ತಿ ಊರವರ ಬಾಯಿಗೆ ಬಿದ್ದು ಒದ್ದಾಡಿದ್ದೇನೆ. ಸಮುದ್ರದಿಂದ ಎಷ್ಟೋ ಗಾವುದ ದೂರದಲ್ಲಿ, ಘಟ್ಟದ ಮೇಲೆ, ಕಡೂರು ಸೀಮೆಯ ಬಯಲಿನಲ್ಲಿ ಕೂತು!

ಆಗ ಮಹಾರಾಜರ ಕಾಲ. ನಾನು ತರೀಕೆರೆಯ ಸ್ಕೂಲಿನಲ್ಲಿ ಓದಿ, ಪರೀಕ್ಷೆಗೆ ಕೂತು, ಮಿಕ್ಕಿದ್ದರಲ್ಲೆಲ್ಲ ಪಾಸಾಗಿ ಇಂಗ್ಲಿಷೊಂದರಲ್ಲಿ ಫೇಲಾಗಿ, ಟ್ರಂಕು ಹೊತ್ತುಕೊಂಡು ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಅಪ್ಪ, ಅವ್ವ ಆಗಲೇ ಇರಲಿಲ್ಲ. ಅಕ್ಕನ ಗಂಡನ ಊರು ಸಿಂಗಟಗೆರೆಗೆ ಹೋಗುವ ದಾರಿಯಲ್ಲಿ. ರಾಗಿ ಹೊಲ, ಒಂದಿಷ್ಟು ತೆಂಗು, ಒಂದು ಕೆರೆ, ಕೆರೆಯ ಕೆಳಗೆ ಅಂಗೈಯಗಲದ ಗದ್ದೆ ಬಯಲು. ಅಷ್ಟೇ ಊರು.

ಅಕ್ಕನ ಹೆಸರು ಗೌರಮ್ಮ. ಹಿಂದಿನ ವರ್ಷ ಭಾವ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ತಿಥಿ ಮುಗಿದ ಮೇಲೆ ಭಾವನ ತಮ್ಮ ಹನುಮೇಗೌಡ ಮೆತ್ತಗೆ ಮಾತು ತೆಗೆದ. "ಅತ್ತಿಗೇನ ನಾವು ಬಿಟ್ಬಿಡ್ತೀವಾ? ನಮ್ಮನೇಲೇ ಉಂಡ್ಕೊಂಡಿರ್ಲಿ. ಗದ್ದೆ ನಾ ನೋಡ್ಕೋತೀನಿ" ಅಂದ. ಅಕ್ಕ ಜಗ್ಗಲಿಲ್ಲ. "ಇನ್ನೊಬ್ರ ಒಲೆ ಮುಂದೆ ತಟ್ಟೆ ಹಿಡ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ. ನನ್ನ ಗಂಡನ ಪಾಲು ನಂಗೆ ಬಿಡಿ" ಅಂದಳು. ಊರ ಹಿರಿಯರು ಪಟೇಲ ರುದ್ರೇಗೌಡರ ಪಡಸಾಲೆಯಲ್ಲಿ ಸೇರಿ ಒಂದು ತೀರ್ಮಾನ ಮಾಡಿದರು. ಕೆರೆ ಕೆಳಗಿನ ಗದ್ದೆಯನ್ನು ಈ ಸಲ ಗೌರಮ್ಮ ಸಾಗುವಳಿ ಮಾಡಲಿ. ಭತ್ತ ಕಣಕ್ಕೆ ಬಂದರೆ ಅವಳಿರುವವರೆಗೂ ಗದ್ದೆ ಅವಳದು. ಬೀಳು ಬಿದ್ದರೆ ಹನುಮೇಗೌಡನದು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಒಂಟಿ ಹೆಂಗಸು ಹೇಗೂ ಮಾಡಲಾರಳು ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು, ಅಷ್ಟೆ.

ಅಕ್ಕ ಮಾಡಿದಳು. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದು ಕೆರೆ ಕೋಡಿ ಮುಟ್ಟಿತ್ತು. ನಾನು ನೇಗಿಲು ಹೂಡಿ ಉಳುವುದನ್ನು ಆಗ ತಾನೇ ಕಲಿಯುತ್ತಿದ್ದೆ. ಕೆಸರಿನಲ್ಲಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಅಂತೂ ಗದ್ದೆ ಹದವಾಯಿತು, ಒಟ್ಲು ಪಾತಿಯಲ್ಲಿ ಸಸಿ ಹಸಿರಾಗಿ ಎದ್ದಿತು. ನಾಟಿಗೆ ಆ ಊರಿನಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ ನಾಳೆ ನನ್ನದಕ್ಕೆ ನೀನು ಬರಬೇಕು. ಅಕ್ಕ ಊರಿನ ಎಲ್ಲರ ಗದ್ದೆಗೂ ಇಳಿದು, ಸೊಂಟ ಬಗ್ಗಿಸಿ ನೆಟ್ಟು ಬಂದಳು. "ನಂದು ಕೊನೇಗಿರ್ಲಿ, ಎಲ್ಲಾ ಒಟ್ಟಿಗೆ ಬಂದು ಒಂದೇ ದಿನಕ್ಕೆ ಮುಗಿಸ್ಕೊಡ್ರೇ" ಅಂತ ಹೆಂಗಸರಿಗೆ ಹೇಳಿದ್ದಳು. ಕೊನೆಗಿಟ್ಟುಕೊಂಡದ್ದೇ ತಪ್ಪಾಯಿತು. ಅವಳ ಸರದಿ ಬರುವುದಕ್ಕೂ ಆ ದರಿದ್ರ ತಂತಿ ಬರುವುದಕ್ಕೂ ಸರಿಹೋಯಿತು.

ಆ ಕಾಲದಲ್ಲಿ ತಂತಿ ಬಂತೆಂದರೆ ಯಾರೋ ಸತ್ತರೆಂದೇ ಅರ್ಥ. ಕಡೂರಿನ ಸಂತೆಬೀದಿಯಲ್ಲಿ ತಂತಿಯ ಜವಾನ ಒಂದು ಕಾಗದ ಹಿಡಿದುಕೊಂಡು, "ಹೆಡ್‌ಮನ್, ಕಡೂರು ಅಂತ ಬರೆದೈತೆ, ಯಾರ್ರೀ ಹೆಡ್‌ಮನ್ನು?" ಅಂತ ಕೇಳುತ್ತ ಓಡಾಡುತ್ತಿದ್ದನಂತೆ. ನಾನಲ್ಲ, ತಾನಲ್ಲ ಅಂತ ಎಲ್ಲರೂ ಜಾರಿಕೊಂಡರಂತೆ. ನಮ್ಮ ಪಟೇಲ ರುದ್ರೇಗೌಡರು ತೆಂಗಿನಕಾಯಿ ವ್ಯಾಪಾರಕ್ಕೆ ಹೋದವರು ಅಲ್ಲೇ ಇದ್ದರು. ಪಟೇಲರು ಕೆಟ್ಟವರಲ್ಲ. ಆದರೆ ನಾಲ್ಕು ಜನರ ಮುಂದೆ ತಮ್ಮ ಪೇಟ ಸ್ವಲ್ಪ ಎತ್ತರಕ್ಕೆ ಕಾಣಬೇಕೆಂಬ ಚಪಲ ಅವರಿಗೆ ವಿಪರೀತ. "ಹೆಡ್‌ಮನ್ ಅಂದ್ರೆ ಪಟೇಲ. ಕಡೂರು ಸೀಮೇಲಿ ಪಟೇಲ ಅಂದ್ರೆ ನಾನೇ. ತಾ ಇಲ್ಲಿ" ಅಂತ ರುಜು ಹಾಕಿ ತೆಗೆದುಕೊಂಡರು. ಜವಾನ ಬದುಕಿದೆಯಾ ಬಡಜೀವವೇ ಅಂತ ಸೈಕಲ್ ಹತ್ತಿದ.

ಸಂಜೆ ನನಗೆ ಕರೆ ಬಂತು. ಊರಿಗೆಲ್ಲ ಇಂಗ್ಲಿಷ್ ಅಕ್ಷರ ಕಂಡವನು ನಾನೊಬ್ಬನೇ. ಪಡಸಾಲೆಯ ತುಂಬ ಜನ. ಕಾಗದ ಬಿಡಿಸಿ ಓದಿದೆ: "ಸರ್ಫ್ ಹೆವಿ ಫ್ರಮ್ ಸೌತ್‌ವೆಸ್ಟ್. ಬಾತಿಂಗ್ ಅನ್‌ಸೇಫ್. ಬೋಟ್ಸ್ ನಾಟ್ ಟು ಗೋ ಔಟ್."

"ಕನ್ನಡದಾಗ್ ಹೇಳು" ಅಂದರು ಪಟೇಲರು.

"ನೈಋತ್ಯ ದಿಕ್ಕಿನಿಂದ ಸರ್ಫ್ ಜಾಸ್ತಿ ಅಂತೆ. ಸ್ನಾನ ಅಪಾಯ ಅಂತೆ. ದೋಣಿಗಳು ಹೊರಗೆ ಹೋಗಬಾರದಂತೆ" ಅಂದೆ. "ಸರ್ಫ್ ಅಂದ್ರೆ ಏನೋ ನಂಗೊತ್ತಿಲ್ಲ."

"ಗೊತ್ತಿಲ್ಲದೆ ಏನೋ? ಸರ್ಪ ಕಣೋ, ಸರ್ಪ!" ಅಂದುಬಿಟ್ಟರು ಪಟೇಲರು.

ಕೂತಿದ್ದವರೆಲ್ಲ ಕಾಲು ಮೇಲೆಳೆದುಕೊಂಡರು. ನಾನು ಬೇಡ ಬೇಡವೆಂದೆ. ಇಂಗ್ಲಿಷಿನಲ್ಲಿ ಹಾವಿಗೆ ಸರ್ಪೆಂಟ್ ಅಂತಾರೆ, ಇದು ಬೇರೆ, ಇದರ ಸ್ಪೆಲಿಂಗೇ ಬೇರೆ ಅಂದೆ. ಸರ್ಪೆಂಟ್ ಅಂದದ್ದೇ ಕೆಟ್ಟಿತು. "ನೋಡ್ರಪ್ಪಾ, ಅವನ ಬಾಯಿಂದ್ಲೇ ಬಂತು! ತಂತೀಲಿ ಅಕ್ಷರಕ್ಕಿಷ್ಟು ಅಂತ ಕಾಸು ಕೊಡ್ಬೇಕು, ಅದ್ಕೇ ಮೊಟಕು ಮಾಡವ್ರೆ. ಸ್ಪೆಲಿಂಗು ಬೇರೆ ಅಂತೆ. ಕಚ್ಚೋದು ಸ್ಪೆಲಿಂಗೇನೋ?" ಅಂದರು. ಜನ ಹೋ ಅಂತ ನಕ್ಕರು. ದೋಣಿಯ ಮಾತೆತ್ತಿದೆ. "ಕಡೂರಲ್ಲಿ ದೋಣಿ ಎಲ್ಲೈತೋ? ಅದು ಬೂಟ್ಸು ಕಣೋ. ಹಾವು ಜಾಸ್ತಿ ಆಗವೆ, ಬೂಟ್ಸು ಇಲ್ದೆ ಹೊರಗೆ ಹೋಗ್ಬ್ಯಾಡಿ ಅಂತ ಸರ್ಕಾರ ತಿಳಿಸೈತೆ. ಇಂಗ್ಲಿಷಲ್ಲೇ ಫೇಲಾದೋನ್ನ ಓದಕ್ಕೆ ಕರೆದ್ನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ!"

ಕಡೂರಿಗೆ ದೋಣಿಯ ತಂತಿ ಯಾಕೆ ಬಂತೆನ್ನುವುದಕ್ಕೆ ನನ್ನ ಹತ್ತಿರವೂ ಜವಾಬಿರಲಿಲ್ಲ. ಬೂಟ್ಸಿಗೆ ಒಂದು ಅರ್ಥವಾದರೂ ಇತ್ತು.

ಮಾರನೆಯ ದಿನವೂ ತಂತಿ ಬಂತು. ಅದರ ಮಾರನೆಯ ದಿನವೂ ಬಂತು. ಪಟೇಲರು ಅದನ್ನು ತರುವುದಕ್ಕೆಂದೇ ಒಬ್ಬ ಆಳನ್ನು ದಿನಾ ಕಡೂರಿಗೆ ಅಟ್ಟಿದರು. ನಾನು ಓದಬೇಕು, ಅವರು ಅರ್ಥ ಹೇಳಬೇಕು. "ಸರ್ಫ್ ರೈಸಿಂಗ್" ಅಂತ ಬಂದ ದಿನ ಹಾವು ಹೆಡೆ ಎತ್ತಿದೆ ಅಂದರು. "ಸರ್ಫ್ ಫಾಲಿಂಗ್" ಅಂತ ಬಂದ ದಿನ ಹಾವು ಸೂರಿನಿಂದ ಬೀಳುತ್ತವೆ ಅಂದರು; ಆವತ್ತು ಊರಿನಲ್ಲಿ ಯಾರೂ ಸೂರಿನ ಕೆಳಗೆ ಕೂತು ಉಣ್ಣಲಿಲ್ಲ, ಸೋನೆ ಮಳೆಯಲ್ಲಿ ಅಂಗಳದಲ್ಲಿ ಕೂತು ನೆನೆದ ಮುದ್ದೆ ನುಂಗಿದರು. ಪಟೇಲರು ಬೀರೂರಿನಿಂದ ಒಂದು ಜೊತೆ ಬೂಟ್ಸು ತರಿಸಿ ಪಂಚೆಯ ಕೆಳಗೆ ಹಾಕಿಕೊಂಡರು. ಟಕ್ ಟಕ್ ಅಂತ ಕೆರೆ ಏರಿಯ ಮೇಲೆ ಓಡಾಡುವರು. ಅವರ ಜನ್ಮದಲ್ಲಿ ಅಷ್ಟು ಸುಖದ ಮಳೆಗಾಲ ಇನ್ನೊಂದು ಬಂದಿರಲಿಕ್ಕಿಲ್ಲ. ಮಹಾರಾಜರ ಸರ್ಕಾರ ದಿನಾ ಬೆಳಗಾದರೆ ಅವರೊಬ್ಬರಿಗೇ ಹೆಸರಿಟ್ಟು ಸುದ್ದಿ ಕಳಿಸುತ್ತಿತ್ತಲ್ಲ!

ಇದರಲ್ಲಿ ನಗುವಂಥದ್ದು ಏನಿದ್ದರೂ ಅದು ಅಕ್ಕನ ಗದ್ದೆಯ ಅಂಚಿಗೆ ಬಂದು ನಿಂತುಹೋಗುತ್ತಿತ್ತು. ತಂತಿಯಲ್ಲಿ ದಿನಾ ತಪ್ಪದೆ ಬರುತ್ತಿದ್ದ ಮಾತೆಂದರೆ ಸೌತ್‌ವೆಸ್ಟ್. ಊರಿಗೆ ನೈಋತ್ಯದಲ್ಲಿದ್ದದ್ದು ಅಕ್ಕನ ಗದ್ದೆ, ಅದರ ಬದುವಿನಲ್ಲಿ ಆಳೆತ್ತರದ ಒಂದು ಹುತ್ತ. ಇನ್ನೇನು ಬೇಕು? ಮುಯ್ಯಾಳಿನ ಹೆಂಗಸರು ಒಬ್ಬೊಬ್ಬರಾಗಿ ಕೈ ಎತ್ತಿದರು. "ಗೌರಕ್ಕಾ, ನಿನ್ನ ಋಣ ಇಟ್ಕೊಳ್ಳಲ್ಲ ಕಣೇ. ಬೇಕಾದ್ರೆ ರಾಗಿ ಕಳೆ ಕೀಳಕ್ಕೆ ಬತ್ತೀವಿ. ಆ ಗದ್ದೆಗೆ ಮಾತ್ರ ಕರೀಬ್ಯಾಡ. ಮಕ್ಕಳೊಂದಿಗರು ನಾವು" ಅಂದರು. ಹನುಮೇಗೌಡ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಪಡಸಾಲೆಯಲ್ಲಿ ನಾನು ಓದಿ ಮುಗಿಸುತ್ತಿದ್ದ ಹಾಗೆ, "ದಿಕ್ಕು ಯಾವ್ದಪ್ಪಾ ಇವತ್ತು?" ಅಂತ ಒಂದು ಮಾತು ಕೇಳುವನು. ಗೊತ್ತಿದ್ದೇ ಕೇಳುವನು. ನಾನು ಸೌತ್‌ವೆಸ್ಟ್ ಅಂತ ಹಲ್ಲು ಕಚ್ಚಿಕೊಂಡು ಹೇಳುವೆನು. ಓದುವುದಿಲ್ಲ ಅಂದರೆ ಪಟೇಲರು ತಮಗೆ ತೋಚಿದ್ದು ಹೇಳುತ್ತಾರೆ; ಓದಿದರೆ ಅಕ್ಕನ ಗದ್ದೆಯ ಮೇಲೆ ನಾನೇ ಕಲ್ಲು ಹಾಕಿದ ಹಾಗಾಗುತ್ತದೆ. ಏನು ಕರ್ಮ ಹೇಳಿ!

ಒಟ್ಲು ಪಾತಿಯಲ್ಲಿ ಸಸಿ ಬೆಳೆಯುತ್ತಲೇ ಇತ್ತು. ಹದ ಮೀರಿದ ಸಸಿಯನ್ನು ಕಿತ್ತು ನೆಟ್ಟರೆ ತೆನೆ ಕಟ್ಟುವುದಿಲ್ಲ. ಅಕ್ಕ ದಿನಾ ಬೆಳಿಗ್ಗೆ ಹೋಗಿ ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಬರುವಳು. ಮುದ್ದೆ ತಿರುವುವಾಗ ಕೋಲು ಪಾತ್ರೆಗೆ ಬಡಿಯುವ ಸದ್ದು ದಿನದಿಂದ ದಿನಕ್ಕೆ ಜೋರಾಗುತ್ತಿತ್ತು.

ನಾನು ಅಂತರಘಟ್ಟೆಗೆ ಹೋದೆ. ಅಲ್ಲಿ ನಮ್ಮ ಚಿಕ್ಕಮ್ಮನಿದ್ದಳು. ಅವಳ ಕಾಲು ಹಿಡಿದು, ನಾಟಿ ಬಲ್ಲ ಹೆಂಗಸರನ್ನು ಒಟ್ಟುಮಾಡಿ, ಅಜ್ಜಂಪುರದಲ್ಲಿ ರೈಲು ಹತ್ತಿಸಿ ಬೀರೂರಿನಲ್ಲಿ ಇಳಿಸಿ, ಗಾಡಿ ಹೂಡಿಸಿಕೊಂಡು ಊರಿಗೆ ತಂದೆ. ದಾರಿಯುದ್ದಕ್ಕೂ ಅವರು ಹಾಡಿಕೊಂಡು ಬಂದರು. ಊರ ಬಾಗಿಲಿನಲ್ಲಿ ಪಟೇಲರ ಬೂಟ್ಸು ಎದುರಾಯಿತು. "ಯಾವೂರ ತಾಯಂದಿರು? ನೈಋತ್ಯದ ಗದ್ದೆಗಾ? ನೋಡ್ರಮ್ಮ, ಆಮೇಲೆ ರುದ್ರೇಗೌಡ ಹೇಳ್ಲಿಲ್ಲ ಅನ್ಬ್ಯಾಡಿ" ಅಂತ ಆ ದಿನದ ತಂತಿಯನ್ನು ಕಣ್ಣ ಮುಂದೆ ಹಿಡಿದರು. ಆ ಹೆಂಗಸರಿಗೆ ಓದಲು ಬರದಿದ್ದರೇನು, ಸರ್ಕಾರದ ಮುದ್ರೆ ಕಂಡಿತಲ್ಲ. ಚಿಕ್ಕಮ್ಮ ಗಾಡಿಯಿಂದ ಇಳಿಯಲೂ ಇಲ್ಲ. "ನಿಮ್ಮಕ್ಕಂಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಬ್ಯಾಡ್ವೇನೋ? ಜನಾನ ಸಾಯ್ಸಕ್ಕೆ ಕರ್ಕೊಂಡ್ಬಂದಿದೀಯಾ?" ಅಂತ ನನ್ನನ್ನೇ ಬೈದು ಗಾಡಿ ತಿರುಗಿಸಿದಳು. ಅದರ ಮೇಲೆ ನಾಗರಪಂಚಮಿ ಬಂತು. ಹೆಂಗಸರೆಲ್ಲ ಅಕ್ಕನ ಗದ್ದೆಯ ಹುತ್ತಕ್ಕೇ ಬಂದು ಹಾಲೆರೆದು ಹೋದರು. ಹಾಲೆರೆಯಲು ಹೆದರಿಕೆಯಿಲ್ಲ, ಒಂದು ಮಾರಾಚೆ ನಾಟಿ ಹಾಕಲು ಹೆದರಿಕೆ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಪಂಚಮಿ ಕಳೆದ ಮೇಲೆ ಬಂದ ತಂತಿಯಲ್ಲಿ ಹೊಸದೊಂದು ಮಾತಿತ್ತು. "ಸೀ ರಫ್." ಅಕ್ಷರ ನೋಡುತ್ತಿದ್ದ ಹಾಗೆ ನನ್ನ ತಲೆಯಲ್ಲಿ ದೀಪ ಹತ್ತಿತು. ಎಸ್, ಇ, ಎ. "ಸಮುದ್ರ ಕಣ್ರೀ ಇದು! ಇದು ಸಮುದ್ರದ ಸುದ್ದಿ!" ಅಂತ ಎದ್ದು ನಿಂತು ಕೂಗಿದೆ.

ಪಟೇಲರು ಸಾವಧಾನವಾಗಿ ಬೂಟ್ಸಿನ ಕೆಸರು ಕೆರೆದುಕೊಂಡರು. "ಸೀ ಅಂದ್ರೆ ನೋಡು ಅಂತ. ಅಷ್ಟು ನಂಗೂ ಗೊತ್ತು. ಅಮಲ್ದಾರ್ರು ಸೀ ಸೀ ಅಂತಿರ್ತಾರಲ್ಲ. ರಫ್ ಆಗೈತೆ, ನೋಡ್ಕೊಂಡ್ ನಡೀರಿ ಅಂತ. ಕೂತ್ಕೋ ನೀನು."

ನಾನು ಕೂರಲಿಲ್ಲ. ಕಾಗದವನ್ನು ಅವರ ಕೈಗೆ ಕೊಡದೆ ಜೇಬಿಗೆ ತುರುಕಿಕೊಂಡು ನಡೆದೇ ಬೀರೂರಿಗೆ ಹೋದೆ. ಜಂಕ್ಷನ್ನಿನಲ್ಲಿ ಘಟ್ಟದ ಕೆಳಗಿನ ಒಬ್ಬ ಗಾರ್ಡ್ ಇದ್ದ. ಹಿಂದೆ ತರೀಕೆರೆಗೆ ಓಡಾಡುವಾಗ ಅವನ ಮುಖಪರಿಚಯ. ಗಾಡಿ ಬಿಡಲು ಇನ್ನೂ ಹೊತ್ತಿತ್ತು, ಬೆಂಚಿನ ಮೇಲೆ ಕೂತು ಎಲೆ ಹಾಕುತ್ತಿದ್ದ. ಕಾಗದ ನೋಡಿದವನೇ ಎಲೆ ಉಗಿದು ಬಂದು ಮತ್ತೊಮ್ಮೆ ನೋಡಿದ.

"ಇದು ಇಲ್ಲಿಗೆ ಹೇಗೆ ಬಂತು ಮಾರಾಯಾ? ಸರ್ಫ್ ಅಂದರೆ ತೆರೆ. ಕಡಲ ತೆರೆ ದಡಕ್ಕೆ ಹೊಡೆದು ನೊರೆ ಒಡೆಯುತ್ತದಲ್ಲ, ಅದು. ಇದು ಕಡಲೂರಿನದ್ದು. ಕರಾವಳಿಯಲ್ಲಿ ಆ ಹೆಸರಿನ ಒಂದು ಸಣ್ಣ ಊರು ಉಂಟು. ಒಂದು ಗೇಣು ಮರಳು, ನಾಲ್ಕು ದೋಣಿ, ಅಷ್ಟೇ. ಅಲ್ಲಿಯ ಯಜಮಾನನಿಗೆ ಹೋಗಬೇಕಾದದ್ದು ಎಲ್ಲಿಯೋ ಯಾರದೋ ಕೈಯಲ್ಲಿ ಒಂದೆರಡು ಅಕ್ಷರ ಬಿದ್ದುಹೋಗಿ ಕಡೂರು ಆಗಿದೆ."

ನನಗೆ ಅಳುವಷ್ಟು ಸಂತೋಷವಾಯಿತು. ಅವನು ನಗಲಿಲ್ಲ. "ನಿಮಗೆ ಹಾವಾಯಿತು, ಸರಿ. ಅಲ್ಲಿಯವರು ಬೆಳಿಗ್ಗೆ ಇದನ್ನು ಕೇಳಿಕೊಂಡೇ ದೋಣಿ ಇಳಿಸುವುದು. ಇದು ನಿನ್ನ ಜೇಬಿನಲ್ಲಿದ್ದರೆ ಅವರ ಗತಿ ಎಂತ?" ಅಂದ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಾಗದವನ್ನು ಅವನೇ ಇಟ್ಟುಕೊಂಡು, ತಾನು ಹೇಳುವಲ್ಲಿ ಹೇಳುತ್ತೇನೆ ಅಂದ. ಹೇಳಿದನೆಂದು ಕಾಣುತ್ತದೆ, ಕೆಲವು ದಿನಗಳಲ್ಲಿ ತಂತಿ ನಿಂತಿತು. ಅಷ್ಟರೊಳಗೆ ಆ ಕಡಲೂರಿನಲ್ಲಿ ಏನಾಯಿತೋ ನನಗೆ ಇವತ್ತಿಗೂ ತಿಳಿಯದು.

ಅವತ್ತು ನಾನು ಬೀರೂರಿನಿಂದ ಓಡಿಕೊಂಡೇ ಬಂದೆ ಅನ್ನಬೇಕು. ನೇರ ಪಡಸಾಲೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಡೂರು, ಕಡಲೂರು. ಸರ್ಪ, ಸರ್ಫ್. ಬೋಟು, ಬೂಟು. ನೊರೆ ಹೇಗಿರುತ್ತದೆಂದು ತೋರಿಸಲು ಮಜ್ಜಿಗೆಯ ಚೆಂಬನ್ನೂ ಕುಲುಕಿದೆ. ಎಲ್ಲರೂ ಕೇಳಿದರು. ಕೇಳಿ ಪಟೇಲರ ಮುಖ ನೋಡಿದರು.

"ಅಂಗಾದ್ರೆ ಸರ್ಕಾರಕ್ಕೆ ಕಡೂರು ಯಾವ್ದು, ಕಡಲು ಯಾವ್ದು ಗೊತ್ತಿಲ್ಲ ಅಂತೀಯಾ?" ಅಂದರು ಪಟೇಲರು.

"ಸರ್ಕಾರ ಅಲ್ಲ, ಯಾರೋ ಒಬ್ಬ ಗುಮಾಸ್ತ—"

"ಅವ್ನು ಇಂಗ್ಲಿಷಲ್ಲಿ ಪಾಸಾಗಿರೋನಲ್ವೇನಪ್ಪಾ?" ಅಂದ ಹನುಮೇಗೌಡ ಮೆತ್ತಗೆ.

ಮತ್ತೆ ಹೋ ಅಂತ ನಗು. ಒಬ್ಬ ಮುದುಕ ಎದ್ದು, "ನಾನೇ ಕಂಡೆ ಕಣ್ರಪ್ಪಾ ಮೊನ್ನೆ, ಗೌರಮ್ಮನ ಗದ್ದೇಲಿ, ಇಷ್ಟುದ್ದ" ಅಂದ. ಕೆರೆಹಾವು ಅದು! ಮಳೆಗಾಲದಲ್ಲಿ ಯಾವ ಗದ್ದೆಯಲ್ಲಿ ಕೆರೆಹಾವಿಲ್ಲ? ಪಟೇಲರ ಹಿತ್ತಲಿನಲ್ಲೇ ಎರಡಿದ್ದವು. ಕೂಗಿ ಹೇಳಿದೆ, ಗಂಟಲು ಬಿದ್ದುಹೋಗುವಷ್ಟು ಕೂಗಿದೆ. ರೈಲಿನವನಿಗೆ ಹಾವಿನ ವಿಚಾರ ಏನು ಗೊತ್ತು ಅಂತ ಯಾರೋ ಅಂದರು. ಅಲ್ಲಿಗೆ ಸಭೆ ಮುಗಿಯಿತು. ಇಡೀ ಊರಿನಲ್ಲಿ ಒಬ್ಬನೇ ಒಬ್ಬನಿಗೆ ನಿಜ ಗೊತ್ತಿದ್ದು, ಅದು ಮೂರು ಕಾಸಿಗೂ ಬಾಳದಿದ್ದರೆ ಹೇಗಾಗುತ್ತದೆಂದು ಆವತ್ತು ನನಗೆ ತಿಳಿಯಿತು. ಮನೆಗೆ ಬಂದು ಟ್ರಂಕನ್ನು ಒದ್ದೆ. ಕಾಲಿಗೇ ಪೆಟ್ಟಾಯಿತು.

ಅಕ್ಕ ನನ್ನ ಮಾತನ್ನೆಲ್ಲ ಒಲೆಯ ಮುಂದೆ ಕೂತು ಕೇಳಿದಳು. "ಕಡಲಾ?" ಅಂದಳು. "ಹೂಂ ಅಕ್ಕಾ, ಕಡಲು. ಹಾವೂ ಇಲ್ಲ ಏನೂ ಇಲ್ಲ" ಅಂದೆ. ಒಲೆಗೆ ಒಂದು ಸೌದೆ ನೂಕಿ, "ಸರಿ, ಬೆಳಿಗ್ಗೆ ಸಸಿ ಕೀಳು. ನಾಟಿ ಹಾಕಣ" ಅಂದಳು. ನನ್ನನ್ನು ನಂಬಿದವಳು ಒಬ್ಬಳಾದರೂ ಇದ್ದಾಳಲ್ಲ ಅಂತ ನನ್ನ ಕಣ್ಣು ತುಂಬಿ ಬಂದವು.

ನಾಟಿ ಹೆಂಗಸರ ಕೆಲಸ. ಗಂಡಸು ಸಸಿ ಕಿತ್ತು ಕಟ್ಟು ಹೊತ್ತು ತರಬಹುದು, ನಾಟಿಗೆ ಬಗ್ಗಬಾರದು. ಬಗ್ಗಿದರೆ ಊರೆಲ್ಲ ನಗುತ್ತದೆ. ನಕ್ಕರೆ ನಗಲಿ, ನಗುವುದಕ್ಕೆ ಅವರಿಗೆ ಇನ್ನೇನು ಬಾಕಿಯಿತ್ತು? ಅಕ್ಕನ ಪಕ್ಕದಲ್ಲಿ ನಾನೂ ಬಗ್ಗಿದೆ. ಜನ ಕೆರೆ ಏರಿಯ ಮೇಲೆ ಸಾಲಾಗಿ ನಿಂತು ನೋಡಿದರು. ಮುಯ್ಯಾಳಿನ ಹೆಂಗಸರೂ ಇದ್ದರು. ಒಬ್ಬಳೂ ಕೆಳಗಿಳಿಯಲಿಲ್ಲ. ಹನುಮೇಗೌಡ ಮಾತ್ರ, "ಅತ್ತಿಗೇ, ಹುತ್ತದ ಕಡೆ ಹುಷಾರು!" ಅಂತ ಆಗಾಗ ಕೂಗುವನು. ಮಳೆ ಸುರಿಯುವುದು, ನಿಲ್ಲುವುದು, ಮತ್ತೆ ಸುರಿಯುವುದು. ದಿನವೆಲ್ಲ ನೆಟ್ಟರೂ ಮೂಲೆಯೊಂದು ತುಂಬುತ್ತಿರಲಿಲ್ಲ. ಸೊಂಟ ಎರಡು ತುಂಡಾದಂತಿರುತ್ತಿತ್ತು. ಬೆರಳ ಸಂದಿಯೆಲ್ಲ ಕೆಸರಿಗೆ ಕೊಳೆತು ಬಿಳಿಚಿಕೊಂಡವು.

ಹುತ್ತದ ಬದಿಯ ಸಾಲಿಗೆ ಬಂದ ದಿನ ನೋಡಿದೆ. ಅಕ್ಕನ ತುಟಿ ಅಲ್ಲಾಡುತ್ತಿದ್ದವು. ಏನೋ ಹರಕೆಯ ಮಾತು. ಪ್ರತಿ ಸಸಿ ಊರುವ ಮುಂಚೆ ಕೈ ಅರೆಗಳಿಗೆ ನಿಲ್ಲುತ್ತಿತ್ತು, ಆಮೇಲೆ ಕಣ್ಣುಮುಚ್ಚಿ ಕೆಸರಿನೊಳಗೆ ಇಳಿಯುತ್ತಿತ್ತು.

"ಅಕ್ಕಾ, ಹೆದರ್ಕೊಂಡಿದೀಯಾ? ನಾ ಹೇಳಿದ್ದು ನಂಬ್ಲಿಲ್ವಾ ನೀನು?"

"ಇಲ್ಲ ಕಣೋ" ಅಂದಳು ತಲೆ ಎತ್ತದೆ. "ಹಾವಿದ್ದಾವು ಅಂದ್ಕೊಂಡೇ ಇಳ್ದೆ. ಕಚ್ಚಿದ್ರೆ ಕಚ್ಲಿ. ಮೈದ್ನನ ಮನೆ ಅನ್ನಕ್ಕಿಂತ ಅದೇ ವಾಸಿ."

ನಾನು ಸಸಿಯ ಕಟ್ಟನ್ನು ಕೆಸರಿಗೆ ಬಿಸಾಕಿ ನಿಂತುಬಿಟ್ಟೆ. ಸಿಟ್ಟೋ, ನಾಚಿಕೆಯೋ, ಯಾವುದೆಂದು ಹೇಳಲಿ? ಬೀರೂರಿನಿಂದ ಅಷ್ಟು ದೂರ ಓಡಿ ಬಂದು ಹೇಳಿದ ನಿಜ ಇವಳಿಗೂ ಬೇಕಾಗಿರಲಿಲ್ಲ. ನಾನು ಏನೂ ಇಲ್ಲದ ಕೆಸರಿಗೆ ಇಳಿದಿದ್ದೆ. ಅವಳು ದಿನಾ ಹಾವುಗಳ ನಡುವೆ ಕೈಯಿಟ್ಟು ಬರುತ್ತಿದ್ದಳು. "ನಿಂತ್ಕೊಂಡು ಏನು ನೋಡ್ತೀಯಾ, ಸಸಿ ಕೊಡು" ಅಂದಳು. ಕೊಟ್ಟೆ.

ನಾಟಿ ಮುಗಿಯಿತು. ತಡವಾದ ಸಸಿ, ಪೂರಾ ತೆಂಡೆ ಒಡೆದು ಪೊದೆಯಾಗಲಿಲ್ಲ. ಆದರೂ ಕೆರೆಯಲ್ಲಿ ನೀರಿತ್ತು, ಅಕ್ಕ ಬದುವಿನ ಮೇಲೆಯೇ ಬಿಡಾರ ಹಾಕಿದವಳ ಹಾಗೆ ಕಾದಳು, ತೆನೆ ಬಂತು. ತಂತಿ ನಿಂತು ಆಗಲೇ ಬಹಳ ಕಾಲವಾಗಿತ್ತು. ಪಟೇಲರು ಕೆಲವು ದಿನ ಕಾದು, ಸರ್ಕಾರಕ್ಕೆ ನಾನೇ ಏನೋ 'ಪಿಟಿಷನ್ನು' ಹಾಕಿ ನಿಲ್ಲಿಸಿದೆನೆಂದು ನನ್ನ ಮೇಲೆ ಮುನಿಸಿಕೊಂಡರು. ಬೂಟ್ಸು ಮಾತ್ರ ಬಿಡಲಿಲ್ಲ. ಸುಗ್ಗಿಯಲ್ಲಿ ಅಕ್ಕನ ಭತ್ತ ಕಣಕ್ಕೆ ಬಂತು. ರಾಶಿ ದೊಡ್ಡದಲ್ಲ. ಬೀಳು ಬಿತ್ತೆಂದು ಮಾತ್ರ ಯಾರೂ ಅನ್ನುವ ಹಾಗಿರಲಿಲ್ಲ.

ತೀರ್ಮಾನದ ಪ್ರಕಾರ ಹಿರಿಯರೆಲ್ಲ ಗದ್ದೆಯ ಬದುವಿಗೆ ಬಂದು ಸೇರಿದರು. ಹನುಮೇಗೌಡ ಆಗಲೂ ಬಿಡಲಿಲ್ಲ. "ಬೆಳೆ ಬಂತು, ಇಲ್ಲ ಅನ್ನಲ್ಲ. ಆದ್ರೆ ಅರ್ಧ ಕೂಲಿ ಅವಳ ತಮ್ಮಂದು. ಅವನು ನಾಳೆ ಹೊರಟ್ಹೋಗ್ತಾನೆ. ಅತ್ತಿಗೆಗೆ ಅರ್ಧ ಇರ್ಲಿ, ಇನ್ನರ್ಧ ನಂಗಿರ್ಲಿ" ಅಂದ. ಕೆಲವರು ತಲೆದೂಗಿದರು. ಅಕ್ಕನ ಮುಖ ಬಿಳಿಚಿಕೊಂಡಿತು. ಇಷ್ಟೆಲ್ಲ ಆದ ಮೇಲೂ ಅರ್ಧ!

ಪಟೇಲರು ಯೋಚನೆ ಮಾಡಿ, "ಆಗ್ಲಿ, ಇಳ್ದು ಮಧ್ಯಕ್ಕೊಂದು ಗೂಟ ಹೊಡಿ. ಎಲ್ಲಿಗೆ ಬತ್ತದೆ ನೋಡಾಣ" ಅಂದರು.

ಹನುಮೇಗೌಡ ಗೂಟ ಹಿಡಿದುಕೊಂಡು ಬದುವಿನ ತುದಿಗೆ ಬಂದ. ಕೊಯ್ದ ಕೂಳೆ, ಅದರ ನಡುವೆ ಇನ್ನೂ ಆರದ ಕೆಸರು, ಆಚೆಗೆ ಹುತ್ತ. ಒಂದು ಕಾಲು ಮುಂದಿಟ್ಟ, ಹಿಂದಕ್ಕೆ ತೆಗೆದ.

"ಯಾಕೋ?" ಅಂದರು ಪಟೇಲರು.

"ಅಲ್ಲಾ... ದಿಕ್ಕು ಇದೇ ಅಲ್ವಾ... ತಂತೀಲಿ..." ಅಂದ. ಅವನ ಹಣೆಯ ಮೇಲೆ ಬೆವರು. ಮಳೆಗಾಲವೆಲ್ಲ ಏರಿಯ ಮೇಲೆ ನಿಂತು ಹೆದರಿಸಿದವನು ತಾನೂ ಅಷ್ಟೂ ನಂಬಿದ್ದ!

ನನಗೆ ತಡೆಯಲಾಗಲಿಲ್ಲ. ಇಂಥ ಸಮಯ ಮತ್ತೆ ಸಿಗುತ್ತದೆಯೆ? ಎಲ್ಲರೂ ಸೇರಿದ್ದಾರೆ, ಇಳಿದು ನಡೆದಾಡಿ ತೋರಿಸಿಬಿಡೋಣವೆಂದು ಪಂಚೆ ಎತ್ತಿ ಕಟ್ಟಿದೆ. "ನೋಡ್ರೀ, ಆಗ್ಲೇ ಹೇಳ್ದೆ, ಅದು ಹಾವಲ್ಲ, ಅದು ಕಡ—"

ಅಕ್ಕ ಹಿಂದಿನಿಂದ ನನ್ನ ರಟ್ಟೆ ಹಿಡಿದಳು. ಉಗುರು ಮಾಂಸಕ್ಕಿಳಿಯಿತು.

"ಹಾವೇ ಕಣ್ರಪ್ಪಾ" ಅಂದಳು ಎಲ್ಲರಿಗೂ ಕೇಳುವ ಹಾಗೆ. "ಐತೆ. ದಿನಾ ಕಾಣ್ತದೆ. ಇಷ್ಟು ದಪ್ಪ. ನಾನು ಇಳ್ದಾಗ ಸರ್ಕೊಂಡು ದಾರಿ ಬಿಡ್ತದೆ. ನನ್ನ ತಮ್ಮಂಗೂ ಬಿಡ್ತು. ಬ್ಯಾರೆಯೋರ್ಗೆ ಏನ್ ಮಾಡ್ತದೋ ನಾ ಹೇಳಕಾಗಲ್ಲ. ಮೈದ್ನಾರೇ, ಇಳೀರಿ. ಗೂಟ ಹೊಡ್ಕೊಳ್ರಿ."

ಹನುಮೇಗೌಡ ಗೂಟವನ್ನು ಬದುವಿನ ಮೇಲೆ ಮೆಲ್ಲಗೆ ಮಲಗಿಸಿದ. "ನಂಗ್ಯಾಕೆ? ಅತ್ತಿಗೇನೇ ಇಟ್ಕೊಳ್ಲಿ, ಪೂರಾ" ಅಂದ. ಪಟೇಲರು ಬೂಟ್ಸು ಕಾಲನ್ನು ಒಂದು ಹೆಜ್ಜೆ ಹಿಂದಿಟ್ಟು, ಗದ್ದೆ ಗೌರಮ್ಮನದೇ ಸೈ ಅಂದರು.

ದಾರಿಯಲ್ಲಿ ನಾನು ಜಗಳ ತೆಗೆದೆ. "ಏನಕ್ಕಾ ಇದು? ಈಗ್ಲಾದ್ರೂ ಜನಕ್ಕೆ ನಿಜ ಗೊತ್ತಾಗೋದು ಬ್ಯಾಡ್ವಾ? ನಿನ್ನ ಬಾಯಿಂದ್ಲೇ ಸುಳ್ಳು ಹೇಳ್ಬಿಟ್ಯಲ್ಲ!"

ಅಕ್ಕ ನಿಂತಳು. "ನಿನ್ನ ನಿಜಕ್ಕೆ ಒಬ್ಬ ಮುಯ್ಯಾಳು ಬಂದ್ಲೇನೋ?" ಅಂದಳು. "ಹಾವೈತೋ ಇಲ್ವೋ ನಂಗೊತ್ತಿಲ್ಲ. ಇದ್ರೆ ಅದು ನನ್ನ ಕಾಯ್ಲಿ. ಇಲ್ದಿದ್ರೆ ನೀನು ಬಾಯ್ಮುಚ್ಕೊಂಡು ಕಾಯಿ. ಇನ್ನೊಂದ್ಸಲ ಈ ಊರಲ್ಲಿ ಕಡಲು ಅಂದ್ಯೋ, ನಿಂಗೆ ನನ್ನ ಮನೇಲಿ ಅನ್ನ ಇಲ್ಲ."

ಆ ಸಂಜೆ ಹೊಸ ಅಕ್ಕಿಯ ಅನ್ನ ಬಡಿಸಿದಳು. ಹಾಕಿಸಿಕೊಂಡು ಉಂಡೆ. ಅವಳು ಬದುಕಿರುವವರೆಗೆ ಆ ಗದ್ದೆಗೆ ಅವಳನ್ನು ಕೇಳದೆ ಯಾರೂ ಇಳಿಯಲಿಲ್ಲ, ನಾನೂ ಬಾಯಿ ಬಿಡಲಿಲ್ಲ.